ಹೋಗದ ಜ್ವರ, ಇಳಿಯದ ಗಂಟು: ಮಕ್ಕಳ ಕ್ಯಾನ್ಸರ್ ಬಗ್ಗೆ ನಮ್ಮ ಜಿಲ್ಲೆಯವರು ಬರೆಯಿರಿ

ಅಂಕೋಲೆಯ ಆಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳ ಚಿಕಿತ್ಸೆ ಮುಗಿದು ಹೋದ ತಿಂಗಳಿಗೆ ಒಂದು ವರ್ಷವಾಯಿತು. ಅವಳಿಗೆ ಬಂದಿದ್ದು ರಕ್ತದ ಕ್ಯಾನ್ಸರ್. ಆಗ ನಾಲ್ಕು ವರ್ಷ, ಈಗ ಎರಡನೇ ಕ್ಲಾಸು.

ಈ ಒಂದು ವರ್ಷದಲ್ಲಿ ಮೂರು ಮನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಒಬ್ಬರ ಮಗುವಿಗೆ ಕಿಡ್ನಿಯಲ್ಲಿ ಗಡ್ಡೆ, ಒಬ್ಬರದ್ದು ಕಣ್ಣು, ಇನ್ನೊಬ್ಬರದ್ದು ಕಾಲಿನ ಎಲುಬು. ಮೂವರೂ ಕೇಳಿದ್ದು ಒಂದೇ ಮಾತು. "ನಿಮ್ಮ ಮಗಳಿಗೆ ಯಾವ ಔಷಧಿ ಕೊಟ್ರು? ನಮ್ಮವನಿಗೂ ಅದೇ ಸಾಕಾಗ್ತದಾ?" ಸಾಕಾಗುವುದಿಲ್ಲ. ಹೆಸರು ಒಂದೇ ಆದರೂ ರೋಗ ಬೇರೆ, ಔಷಧಿ ಬೇರೆ, ಮೊದಲು ಕಾಣಿಸಿಕೊಳ್ಳುವ ರೀತಿಯೂ ಬೇರೆ. ಅದಕ್ಕೇ ಈ ಚರ್ಚೆ ಶುರು ಮಾಡಿದೆ. ಗೊತ್ತಿದ್ದವರು, ಅನುಭವಿಸಿದವರು ದಯವಿಟ್ಟು ಬರೆಯಿರಿ.

ಮೊದಲು ನಮ್ಮದನ್ನೇ ಹೇಳುತ್ತೇನೆ. ಚೌತಿ ಹಬ್ಬ ಮುಗಿದ ವಾರ ಮಗಳಿಗೆ ಜ್ವರ ಬಂತು. ಬಂತು, ಹೋಯಿತು, ಮತ್ತೆ ಬಂತು. ಮಳೆಗಾಲ ಅಲ್ವಾ, ಡೆಂಗಿ ಇರಬಹುದು ಎಂದರು. ಟೆಸ್ಟ್‌ನಲ್ಲಿ ಇಲ್ಲ ಎಂದು ಬಂತು. ಅಂಗಳದಲ್ಲಿ ಓಡುತ್ತಿದ್ದ ಮಗು "ಎತ್ಕೋ, ಕಾಲು ನೋಯ್ತದೆ" ಎನ್ನತೊಡಗಿತು. ಬೆಳೆಯುವ ಮಕ್ಕಳಿಗೆ ಕಾಲು ನೋವು ಇದ್ದಿದ್ದೇ ಎಂದು ನಾನೇ ಎಣ್ಣೆ ತಿಕ್ಕಿದೆ. ಒಂದು ದಿನ ಮೀಯಿಸುವಾಗ ಮೊಣಕಾಲಿನ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕಿಗಳು ಕಂಡವು. ಸೊಳ್ಳೆ ಕಚ್ಚಿದ್ದಾದರೆ ಬೆರಳಿನಿಂದ ಒತ್ತಿದಾಗ ಬಣ್ಣ ಹೋಗಬೇಕು. ಹೋಗಲಿಲ್ಲ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿದೆವು. ಜ್ವರ ಶುರುವಾಗಿ ಆಗಲೇ ಐದು ವಾರವಾಗಿತ್ತು.

ಕಾರವಾರದ ನಿವೃತ್ತ ಸಿಸ್ಟರ್

ನೀವು ಬರೆದ ಚುಕ್ಕಿಯ ವಿಷಯ ಪ್ರತಿ ತಾಯಿಗೂ ಗೊತ್ತಿರಬೇಕು. ನಾನು ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ನಮ್ಮ ಕಡೆ ತೊಂದರೆ ಏನೆಂದರೆ ಜ್ವರದ ಕಾಯಿಲೆಗಳೇ ಜಾಸ್ತಿ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಬೇಸಿಗೆ ಕಡೆ ಸಿದ್ದಾಪುರ, ಹೊನ್ನಾವರದ ಕಾಡಿನಂಚಿನಲ್ಲಿ ಮಂಗನ ಕಾಯಿಲೆ. ಇವೆಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಲ್ಯುಕೇಮಿಯಾದಲ್ಲೂ ಇಳಿಯುತ್ತದೆ. ಅದಕ್ಕೇ ರಕ್ತದ ಕ್ಯಾನ್ಸರ್ ನಮ್ಮ ಊರ ಜ್ವರಗಳ ಸಾಲಿನಲ್ಲೇ ನಿಂತು ಮುಖ ಮುಚ್ಚಿಕೊಳ್ಳುತ್ತದೆ.

ಡೆಂಗಿಯಾದರೆ ಒಂದೆರಡು ವಾರದಲ್ಲಿ ಪ್ಲೇಟ್‌ಲೆಟ್ ತಾನೇ ಏರುತ್ತದೆ, ಮಗು ಊಟ ಕೇಳುತ್ತದೆ. ಏರದೇ ಇದ್ದರೆ, ಜೊತೆಗೆ ಹಿಮೋಗ್ಲೋಬಿನ್ನೂ ಇಳಿದಿದ್ದರೆ, ಸುಮ್ನೆ ಕೌಂಟ್ ಮಾತ್ರ ನೋಡಿ ಬಿಡಬೇಡಿ. "ಪೆರಿಫೆರಲ್ ಸ್ಮಿಯರ್ ಮಾಡಿಸಿ ಸರ್" ಎಂದು ಬಾಯಿಬಿಟ್ಟು ಕೇಳಿ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುವ ಪರೀಕ್ಷೆ ಅದು. ಮಿಷಿನ್ ತಪ್ಪಿಸಿದ್ದು ಅಲ್ಲಿ ಸಿಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಭಟ್ಕಳ ಮೂಲದ ಮಕ್ಕಳ ವೈದ್ಯೆ

ಆಯಿ ಒಳ್ಳೆಯ ಚರ್ಚೆ ಶುರು ಮಾಡಿದ್ದೀರಿ. ನಾನು ಈಗ ಹೊರ ಊರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ದೊಡ್ಡವರಿಗೆ ಬರುವ ಕ್ಯಾನ್ಸರ್ ಹೆಚ್ಚಾಗಿ ಬಾಯಿ, ಶ್ವಾಸಕೋಶ, ಸ್ತನ, ಗರ್ಭಕೋಶದ ಕೊರಳಿನಲ್ಲಿ. ತಂಬಾಕಿನಂಥ ಕಾರಣಗಳು ಅಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿರುತ್ತವೆ. ಮಕ್ಕಳದ್ದು ಹಾಗಲ್ಲ. ಬೆಳೆಯುವ ಜೀವಕೋಶವೇ ಬೆಳೆಯುವ ದಾರಿಯಲ್ಲಿ ತಪ್ಪುತ್ತದೆ. ಸಸಿಮಡಿ ನೆನಪು ಮಾಡಿಕೊಳ್ಳಿ. ಸಸಿ ಕಿತ್ತು ಗದ್ದೆಯಲ್ಲಿ ನೆಟ್ಟ ಮೇಲೆ ಅದು ತೆನೆ ಬಿಡಬೇಕು. ತೆನೆ ಬಿಡದೆ ಸಸಿಯಾಗಿಯೇ ಉಳಿದು, ಮಡಿ ತುಂಬ ಹಬ್ಬುತ್ತಲೇ ಹೋದರೆ? ಮಕ್ಕಳ ಎಷ್ಟೋ ಗಡ್ಡೆಗಳ ಹೆಸರಿನ ಕೊನೆಗೆ ಬ್ಲಾಸ್ಟೋಮಾ ಎಂದು ಬರುತ್ತದೆ. ಗ್ರೀಕಿನಲ್ಲಿ ಬ್ಲಾಸ್ಟೋಸ್ ಎಂದರೆ ಮೊಳಕೆ. ಬಲಿಯದ ಮೊಳಕೆಯ ರೋಗ ಇದು.

ಎಲ್ಲಕ್ಕಿಂತ ಜಾಸ್ತಿ ಬರುವುದು ಲ್ಯುಕೇಮಿಯಾ. ಮಕ್ಕಳ ಕ್ಯಾನ್ಸರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ. ಅದರಲ್ಲೂ ಎ.ಎಲ್.ಎಲ್. (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಎನ್ನುವ ಬಗೆ ಹೆಚ್ಚು, ಎರಡರಿಂದ ಐದು ವರ್ಷದ ಮಕ್ಕಳಲ್ಲಿ. ಎಲುಬಿನ ಒಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ಕಣ ತುಂಬಿಕೊಂಡಾಗ ಒಳ್ಳೆಯ ರಕ್ತಕ್ಕೆ ಜಾಗವೇ ಇರುವುದಿಲ್ಲ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾಗಿ ಚುಕ್ಕಿ ಏಳುತ್ತದೆ. ಮಜ್ಜೆ ಬಿಗಿದು ಎಲುಬು ನೋಯುತ್ತದೆ. ಆಯಿ ಬರೆದದ್ದೆಲ್ಲ ಒಂದೇ ಕಾರಣದಿಂದ ಆದದ್ದು.

ಅದರ ನಂತರ ಮೆದುಳಿನ ಗಡ್ಡೆಗಳು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ಆಮೇಲೆ ಹಗಲೆಲ್ಲ ಆರಾಮ. ನಡೆಯುವಾಗ ವಾಲುವುದು, ತಲೆ ಓರೆ ಮಾಡಿ ನೋಡುವುದು. ಆಮೇಲೆ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ನಮ್ಮ ದೇಶದಲ್ಲಿ ಅದನ್ನು ಟಿಬಿ ಎಂದುಕೊಳ್ಳುವುದೇ ಹೆಚ್ಚು.

ಐದು ವರ್ಷದೊಳಗಿನವರಲ್ಲಿ ಹೊಟ್ಟೆಯ ಗಡ್ಡೆ. ಕಿಡ್ನಿಯಲ್ಲಿ ಆದರೆ ವಿಲ್ಮ್ಸ್, ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಶುರುವಾದರೆ ಹೆಚ್ಚಾಗಿ ನ್ಯೂರೋಬ್ಲಾಸ್ಟೋಮಾ. ವಿಲ್ಮ್ಸ್ ಅನ್ನು ಮೊದಲು ಹಿಡಿಯುವವರು ಎಷ್ಟೋ ಸಲ ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಯಂದಿರೇ! ಮಗು ಆಡಿಕೊಂಡೇ ಇರುತ್ತದೆ, ಹೊಟ್ಟೆಯ ಒಂದು ಬದಿ ಮಾತ್ರ ಗಟ್ಟಿ ತಾಗುತ್ತದೆ. ಹಾಗೆ ತಾಗಿದರೆ ಬಂದ ನೆಂಟರೆಲ್ಲ ಒತ್ತಿ ಒತ್ತಿ ನೋಡಬೇಡಿ. ಆ ಗಡ್ಡೆಯ ಸಿಪ್ಪೆ ಬಲು ತೆಳು, ಒಳಗೇ ಒಡೆದರೆ ಚಿಕಿತ್ಸೆ ಕಷ್ಟವಾಗುತ್ತದೆ. ನೇರ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿ. ಒಂದು ಕಿಡ್ನಿ ತೆಗೆದರೂ ಇನ್ನೊಂದರಲ್ಲಿ ಮಗು ಸಾಮಾನ್ಯವಾಗಿ ಜೀವನಪೂರ್ತಿ ಚೆನ್ನಾಗಿರುತ್ತದೆ.

ಕಣ್ಣಿನದ್ದು ರೆಟಿನೋಬ್ಲಾಸ್ಟೋಮಾ. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ ಅದನ್ನು ಕ್ಯಾಮೆರಾದ ತಪ್ಪು ಎಂದು ಬಿಡಬೇಡಿ. ಹೊಸದಾಗಿ ಮೆಳ್ಳಗಣ್ಣು ಬಂದರೂ ತೋರಿಸಿ. ಇದರಲ್ಲಿ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ದೋಷ ವಂಶವಾಹಿಯಲ್ಲೇ ಇರುತ್ತದೆ. ಹಾಗಾಗಿ ಅಣ್ಣ, ತಮ್ಮ, ಅಕ್ಕ, ತಂಗಿಯರ ಕಣ್ಣನ್ನೂ ತಜ್ಞರಿಗೆ ತೋರಿಸಬೇಕು. ಉಳಿದ ಹೆಚ್ಚಿನ ಮಕ್ಕಳ ಕ್ಯಾನ್ಸರ್‌ಗೆ ವಂಶಕ್ಕೂ ಸಂಬಂಧವಿಲ್ಲ, ತಾಯಿ ಬಸುರಿಯಲ್ಲಿ ಏನು ತಿಂದಳು ಎನ್ನುವುದಕ್ಕೂ ಸಂಬಂಧವಿಲ್ಲ. ಈ ಒಂದು ಮಾತನ್ನು ಅತ್ತೆ ಮಾವಂದಿರು ಇರುವ ಪ್ರತಿ ಮನೆಯಲ್ಲೂ ಹೇಳಬೇಕು.

ಎಲುಬಿನ ಕ್ಯಾನ್ಸರ್ ಬಗ್ಗೆ ಅನುಭವ ಇದ್ದವರು ಬರೆದರೆ ಒಳ್ಳೆಯದು.

ತೋಟದ ಮನೆ, ಸಿರಸಿ

ಬರೆಯುತ್ತೇನೆ ಡಾಕ್ಟರೇ. ನನ್ನ ಮಗ ಆಗ ಹತ್ತನೇ ಕ್ಲಾಸು. ವಾಲಿಬಾಲ್ ಹುಚ್ಚು. ಮೊಣಕಾಲಿನ ಮೇಲೆ ನೋವು ಎಂದ. ಆಡುವಾಗ ಬಿದ್ದಿದ್ದ, ಅದಕ್ಕೇ ಇರಬೇಕು ಎಂದುಕೊಂಡೆವು. ಎಲುಬು ಕೂರಿಸುವವರ ಹತ್ತಿರ ಹೋದೆವು. ಅವರು ತಿಕ್ಕಿ ಪಟ್ಟು ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಮನೆಯಲ್ಲಿ ಎಷ್ಟು ಕೈಕಾಲು ಸರಿ ಮಾಡಿಕೊಟ್ಟವರು. ಆದರೆ ಎರಡು ತಿಂಗಳು ಅಲ್ಲೇ ಹೋಯಿತು.

ನಾನು ಗಮನಿಸಬೇಕಿದ್ದದ್ದು ರಾತ್ರಿಯನ್ನು. ಆಟದ ಪೆಟ್ಟು ಮಲಗಿದರೆ ಕಡಿಮೆಯಾಗಬೇಕು. ಇವನು ಎರಡು ಗಂಟೆ ರಾತ್ರಿಗೆ ಎದ್ದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಬಾಳಂತಿ ಕೋಣೆಯಲ್ಲಿ ನನ್ನ ತಂಗಿಯ ಮಗು ಮಲಗಿತ್ತು, ಅದು ಏಳಬಾರದೆಂದು ಬಾಯಿಗೆ ಟವೆಲ್ ಹಿಡಿದುಕೊಂಡಿದ್ದ. ಅದನ್ನು ನೋಡಿದ ಬೆಳಿಗ್ಗೆ ಎಕ್ಸ್-ರೇ ಮಾಡಿಸಿದೆವು. ಆಸ್ಟಿಯೋಸಾರ್ಕೋಮಾ.

ಒಂದು ವಿಷಯ ಎಲ್ಲರೂ ನೆನಪಿಡಿ. ಎಲುಬಿನ ತುಣುಕು ತೆಗೆಯುವ ಬಯಾಪ್ಸಿಯನ್ನು ಮುಂದೆ ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಮಾಡಿಸಬೇಕು. ಎಲ್ಲೋ ಕೊಯ್ದು ಆಮೇಲೆ ಹೋದರೆ ಕಾಲು ಉಳಿಸುವುದು ಕಷ್ಟವಾಗಬಹುದು ಎಂದು ನಮಗೆ ಹೇಳಿದರು. ಪುಣ್ಯಕ್ಕೆ ನಾವು ಮೊದಲೇ ಮುಂಬೈ ಟಾಟಾ ಆಸ್ಪತ್ರೆಗೆ ಹೋದೆವು. ಮೊದಲು ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಹಾಳಾದ ಎಲುಬು ತೆಗೆದು ಒಳಗೆ ಲೋಹದ ಕೀಲು ಕೂರಿಸಿದ್ದಾರೆ. ಕಾಲು ಉಳಿಯಿತು. ವಾಲಿಬಾಲ್ ಇಲ್ಲ, ಆದರೆ ಅಡಿಕೆ ವ್ಯಾಪಾರದ ಲೆಕ್ಕ ಪೂರ್ತಿ ಅವನೇ ನೋಡುತ್ತಾನೆ.

ಕುಮಟಾದ ಅಕ್ಕೋರು

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಡಾಕ್ಟರ್ ಬರೆದ ಬೆಳಗಿನ ವಾಂತಿ ಓದಿ ಕೈ ನಡುಗಿತು. ನಮ್ಮ ಮೂರನೇ ಕ್ಲಾಸಿನ ಹುಡುಗ ಪ್ರಾರ್ಥನೆಗೆ ನಿಂತಾಗ ವಾಂತಿ ಮಾಡುತ್ತಿದ್ದ. ಹತ್ತು ಗಂಟೆಗೆ ಸರಿಯಾಗುತ್ತಿದ್ದ. ಮೊದಲು ಬಿಸಿಯೂಟದ ಮೇಲೆ ಗುಮಾನಿ. ಆಮೇಲೆ ಹುಳದ ಮಾತ್ರೆ. ಆಮೇಲೆ ಕನ್ನಡಕ, ಅದನ್ನೂ ಒಮ್ಮೆ ಬದಲಾಯಿಸಿದರು.

ಅವನ ಕಾಪಿ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ಜೂನ್ ತಿಂಗಳ ಹಾಳೆಯಲ್ಲಿ ಅಕ್ಷರ ಗೆರೆಯ ಮೇಲೆ ಕೂತಿವೆ. ಆಗಸ್ಟ್‌ನಲ್ಲಿ ಸಾಲು ಬಲಕ್ಕೆ ಹೋದಂತೆ ಕೆಳಗೆ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಒತ್ತಕ್ಷರ ಮೇಲಿನ ಅಕ್ಷರವನ್ನು ಬಿಟ್ಟು ಎಲ್ಲೋ ಬಿದ್ದಿದೆ. ನಾನು "ಗಮನ ಇಟ್ಟು ಬರಿ" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮೂರು ಸಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಿಂದಲೆಯ ಕಿರುಮೆದುಳಿನಲ್ಲಿ ಗಡ್ಡೆ ಇತ್ತು. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಆಯಿತು. ಈಗ ಆರನೇ ಕ್ಲಾಸು. ಬರೆಯಲು ಅವನಿಗೆ ಹೆಚ್ಚು ಸಮಯ ಬೇಕು, ನಾವು ಕೊಡುತ್ತೇವೆ. ಮಾಸ್ತರರೇ, ಅಕ್ಕೋರೇ, ಮಗುವಿನ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ ಬೈಯುವ ಮೊದಲು ಮನೆಯವರನ್ನು ಕರೆಸಿ.

ಭಟ್ಕಳ ಮೂಲದ ಮಕ್ಕಳ ವೈದ್ಯೆ

ಅಕ್ಕೋರೇ, ನಿಮ್ಮದು ತಪ್ಪಲ್ಲ. ಕಾಪಿ ಪುಸ್ತಕ ಇಟ್ಟು ಹಾಳೆ ತಿರುಗಿಸಿ ನೋಡುವ ಶಿಕ್ಷಕಿ ಎಲ್ಲ ಮಗುವಿಗೂ ಸಿಗುವುದಿಲ್ಲ.

ಹೊನ್ನಾವರದವನು, ಈಗ ಡಿಗ್ರಿ ಎರಡನೇ ವರ್ಷ

ನನಗೆ ಹದಿನಾಲ್ಕರಲ್ಲಿ ಹಾಜ್ಕಿನ್ ಲಿಂಫೋಮಾ ಆಗಿತ್ತು. ಕುತ್ತಿಗೆಯಲ್ಲಿ ಗಂಟು, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರು. ಒಂದು ಕಡೆ ಪರೀಕ್ಷೆ ಮಾಡದೆ ಟಿಬಿ ಮಾತ್ರೆ ಶುರು ಮಾಡಿದರು. ಎರಡು ತಿಂಗಳಿಗೂ ಗಂಟು ಇಳಿಯಲಿಲ್ಲ, ಇನ್ನೊಂದು ಬಂತು. ಮಣಿಪಾಲದಲ್ಲಿ ಗಂಟನ್ನೇ ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಗೊತ್ತಾಯಿತು.

ಚಿಕಿತ್ಸೆಯಲ್ಲಿರುವ ನನ್ನಂಥ ಹುಡುಗರಿಗೆ ಎರಡು ಮಾತು. ಕೀಮೋದಲ್ಲಿ ಒಂದು ಕೆಂಪು ಔಷಧಿ ಇದೆ, ಕೋಕಂ ಶರಬತ್ತಿನ ಬಣ್ಣ. ಅದು ಹೋದ ದಿನ ಮೂತ್ರವೂ ಕೆಂಪಗೆ ಬರುತ್ತದೆ. ಅದು ರಕ್ತ ಅಲ್ಲ, ಹೆದರಬೇಡಿ. ಆದರೆ ಆ ಔಷಧಿ ಹೃದಯಕ್ಕೆ ಭಾರ, ಹಾಗಾಗಿ ಗುಣವಾದ ಮೇಲೂ ಡಾಕ್ಟರ್ ಹೇಳಿದಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ. ಎರಡನೆಯದು, ಕೀಮೋ ಶುರುವಾಗುವ ಮೊದಲು ಮುಂದೆ ಮಕ್ಕಳಾಗುವ ಬಗ್ಗೆ ಡಾಕ್ಟರನ್ನು ಕೇಳಿ. ದೊಡ್ಡ ಹುಡುಗರಾದರೆ ವೀರ್ಯ ಕಾಪಾಡಿ ಇಡುವ ವ್ಯವಸ್ಥೆ ಇದೆ. ನಾಚಿಕೆಯಿಂದ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಆಸ್ಪತ್ರೆಯ ಸಿಸ್ಟರೇ ಅಪ್ಪನನ್ನು ಬದಿಗೆ ಕರೆದು ಹೇಳಿದರು.

ಸದಾಶಿವಗಡ

ನೇರವಾಗಿ ಕೇಳುತ್ತೇನೆ. ಕೈಗಾ ಅಣು ವಿದ್ಯುತ್ ಸ್ಥಾವರ ಹತ್ತಿರ ಇರುವುದರಿಂದಲೇ ಇದೆಲ್ಲ ಎಂದು ನಮ್ಮ ಊರಲ್ಲಿ ಎಲ್ಲರೂ ಹೇಳುತ್ತಾರೆ. ಹೌದಾ?

ಭಟ್ಕಳ ಮೂಲದ ಮಕ್ಕಳ ವೈದ್ಯೆ

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ತಳ್ಳಿ ಹಾಕುವುದಿಲ್ಲ. ಜಾಸ್ತಿ ಪ್ರಮಾಣದ ವಿಕಿರಣದಿಂದ ಲ್ಯುಕೇಮಿಯಾ ಹೆಚ್ಚುತ್ತದೆ, 1945ರ ಹಿರೋಶಿಮಾ, ನಾಗಸಾಕಿಯಲ್ಲಿ ಅದು ಕಂಡಿದೆ. 1986ರ ಚೆರ್ನೋಬಿಲ್ ಅಪಘಾತದ ನಂತರ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿತು, ಹಾಲಿನಲ್ಲಿ ಸೇರಿದ ವಿಕಿರಣದ ಅಯೋಡಿನ್ ದೊಡ್ಡ ಕಾರಣ. ಆದರೆ ಕೈಗಾ ಹೆಸರೇ ಕೇಳದ ಊರುಗಳಲ್ಲೂ ಮಕ್ಕಳಿಗೆ ಈ ಎಲ್ಲ ಕ್ಯಾನ್ಸರ್ ಬರುತ್ತದೆ. ಒಂದು ಮಗುವನ್ನು ತೋರಿಸಿ ಇದು ಇಂಥದ್ದರಿಂದಲೇ ಬಂತು ಎಂದು ಹೇಳಲು ಯಾವ ಪರೀಕ್ಷೆಯೂ ಇಲ್ಲ. ಊರೂರಿನ ಲೆಕ್ಕ ಬರೆದಿಡುವ ಕ್ಯಾನ್ಸರ್ ನೋಂದಣಿ ನಮ್ಮ ಜಿಲ್ಲೆಗೆ ಬೇಕು ಎಂದು ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಇವತ್ತು ಗಂಟು ಇರುವ ಮಗುವನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಿದ್ದಾಪುರದ ಅಪ್ಪ

ನಿನ್ನೆಯಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬರಲಿಲ್ಲ. ನನ್ನ ಮಗನಿಗೆ ನಾಲ್ಕು ವರ್ಷ. ಜ್ವರ ಬಂದು ಹೋಗಿ ಮಾಡುತ್ತಾ ಇಪ್ಪತ್ತು ದಿನವಾಯಿತು. ನಮ್ಮದು ಕಾಡಿನ ಬದಿ, ಉಣುಗು ಕಚ್ಚಿರಬಹುದು ಎಂದು ಮಂಗನ ಕಾಯಿಲೆ ಟೆಸ್ಟ್ ಮಾಡಿಸಿದೆವು, ಇಲ್ಲ ಎಂದು ಬಂತು. ಡೆಂಗಿಯೂ ಇಲ್ಲ. ಪ್ಲೇಟ್‌ಲೆಟ್ ಹೋದ ವಾರ 60 ಸಾವಿರ, ಇವತ್ತು 38 ಸಾವಿರ. ಹಿಮೋಗ್ಲೋಬಿನ್ 7. ರಾತ್ರಿ ಕಾಲು ಹಿಡಿದುಕೊಂಡು ಅಳುತ್ತಾನೆ. ಪರಿಚಯದವರು ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ, ಪ್ರೆಡ್ನಿಸೋಲೋನ್ ಎಂದಿದೆ. ಕೊಡಲಾ?

ಭಟ್ಕಳ ಮೂಲದ ಮಕ್ಕಳ ವೈದ್ಯೆ

ಕೊಡಬೇಡಿ. ಅದು ಸ್ಟಿರಾಯ್ಡ್. ಲ್ಯುಕೇಮಿಯಾ ಇದ್ದರೆ ಅದು ನಾಲ್ಕು ದಿನ ರೋಗವನ್ನು ಅರ್ಧಂಬರ್ಧ ಅಡಗಿಸಿಬಿಡುತ್ತದೆ. ಮಗು ಸುಧಾರಿಸಿದ ಹಾಗೆ ಕಾಣುತ್ತದೆ, ಆದರೆ ಪರೀಕ್ಷೆಯಲ್ಲಿ ರೋಗ ಹಿಡಿಯುವುದು ಕಷ್ಟವಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್ ಬೇಡ, ಸೊಂಟಕ್ಕೆ ಇಂಜೆಕ್ಷನ್ ಬೇಡ, ಪ್ಲೇಟ್‌ಲೆಟ್ ಇಷ್ಟು ಕಡಿಮೆ ಇರುವಾಗ ರಕ್ತಸ್ರಾವ ಆಗಬಹುದು. ನಾಳೆಗೆ ಕಾಯದೆ ಇವತ್ತೇ ಸ್ಮಿಯರ್ ಮಾಡಿಸಿ. ಇದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಸ್ಮಿಯರ್ ನೋಡದೆ ಅಲ್ಲ ಎಂದೂ ಹೇಳುವ ಹಾಗಿಲ್ಲ.

ಅಂಕೋಲೆಯ ಆಯಿ

ತಮ್ಮಾ, ಓದಿ ಎದೆ ಹಿಂಡಿತು. ಇವತ್ತೇ ಹೋಗಿ.

ಏನೇ ಬಂದರೂ ಒಂದು ಮಾತು ನೆನಪಿಡಿ. ಮಕ್ಕಳ ಎ.ಎಲ್.ಎಲ್. ಈಗ ಗುಣವಾಗುವ ಕಾಯಿಲೆ. ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಾಗದಿರಲು ಒಂದು ದೊಡ್ಡ ಕಾರಣ, ಚಿಕಿತ್ಸೆಯನ್ನು ನಡುವೆಯೇ ಬಿಡುವುದು. ಅದರ ಹತ್ತಿರ ನಾವೂ ಹೋಗಿದ್ದೆವು. ಮೊದಲ ಒಂದು ತಿಂಗಳ ಕೀಮೋ ಆದ ಮೇಲೆ ಮಜ್ಜೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ. ಮಗಳು ಗಂಜಿ ಕೇಳಿದಳು, ಬಂಗಡೆ ಕೇಳಿದಳು. ನಮ್ಮ ಅತ್ತೆ "ಆರಾಮ ಆಯ್ತಲ್ಲ, ಮತ್ಯಾಕೆ ಮಗುವಿಗೆ ಸೂಜಿ" ಎಂದರು. ಒಬ್ಬರು ನಾಟಿ ಔಷಧಿಯ ವಿಳಾಸ ಕೊಟ್ಟರು. ಆದರೆ ಕಣ್ಣಿಗೆ ಕಾಣದಷ್ಟು ಕಣ ಒಳಗೆ ಉಳಿದೇ ಇರುತ್ತದೆ. ಅದಕ್ಕೇ ಎರಡರಿಂದ ಎರಡೂವರೆ ವರ್ಷ ಔಷಧಿ. ಬೆನ್ನುಹುರಿಯ ನೀರಿಗೂ ಔಷಧಿ ಕೊಡುತ್ತಾರೆ, ಯಾಕೆಂದರೆ ಬೇರೆ ಔಷಧಿ ಮೆದುಳಿನ ಹತ್ತಿರ ಸರಿಯಾಗಿ ಹೋಗುವುದಿಲ್ಲ.

ಕೊನೆಯ ಒಂದೂವರೆ ವರ್ಷ ಮನೆಯಲ್ಲೇ ಮಾತ್ರೆ. ಒಂದು ಮಾತ್ರೆ ದಿನಾ ರಾತ್ರಿ, ಮೆಥೊಟ್ರೆಕ್ಸೇಟ್ ಎನ್ನುವುದು ವಾರಕ್ಕೆ ಒಂದೇ ದಿನ. ಇದು ಅದಲು ಬದಲಾದರೆ ಜೀವಕ್ಕೇ ಅಪಾಯ. ನಾನು ಎರಡು ಬೇರೆ ಡಬ್ಬಿ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರಕ್ಕೆ ಕುಂಕುಮದ ಬೊಟ್ಟು ಇಟ್ಟಿದ್ದೆ. ಬೊಟ್ಟು ಇದ್ದ ದಿನ ಮಾತ್ರ ಆ ಡಬ್ಬಿ ತೆಗೆಯುವುದು.

ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ನಮಗೆ ಹಾಗಾದದ್ದು 2024ರ ಜುಲೈನಲ್ಲಿ, ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ. ಮಣಿಪಾಲದ ದಾರಿಯೇ ಇಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಫೈಲ್ ತೋರಿಸಿ, ನಮ್ಮ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟು, ಮೊದಲ ಡೋಸ್ ಆಂಟಿಬಯೋಟಿಕ್ ಅಲ್ಲೇ ಹಾಕಿಸಿದೆವು. ಆಮೇಲೆ ರೈಲು ಹಿಡಿದೆವು. ಆ ಫೈಲ್ ಇಲ್ಲದಿದ್ದರೆ ಅವರು ಏನು ಮಾಡಬೇಕಿತ್ತು?

ಕುಮಟಾದ ಅಕ್ಕೋರು

ಆಯಿ ಹೇಳಿದ ಮೆಥೊಟ್ರೆಕ್ಸೇಟ್‌ಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಪ್ರಯೋಗಾಲಯದಲ್ಲಿ ಅದೇ ಜಾತಿಯ ಮೊದಲ ಔಷಧಿಗಳನ್ನು ಮಾಡಿಸಿದವರು. ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅವುಗಳಲ್ಲಿ ಒಂದನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು, 1948ರಲ್ಲಿ ರೋಗ ಹಿಂದೆ ಸರಿದ ಸುದ್ದಿ ಪ್ರಕಟಿಸಿದರು. ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಈಗ ಆಯಿಯ ಮಗಳು ಎರಡನೇ ಕ್ಲಾಸಿನಲ್ಲಿ ಕೂತಿದ್ದಾಳೆ.

ಸಿದ್ದಾಪುರದ ಅಪ್ಪ

ಸ್ಮಿಯರ್ ಬಂತು. ಬ್ಲಾಸ್ಟ್ ಕಣಗಳಿವೆ ಎಂದು ಬರೆದಿದ್ದಾರೆ, ಅಂದರೆ ಬಲಿಯದ ಬಿಳಿ ಕಣ. ಡಾಕ್ಟರ್ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು. ನನ್ನ ಹೆಂಡತಿ ಮಾತಾಡುತ್ತಿಲ್ಲ. ಮುಂದಿನ ತಿಂಗಳು ಮಾರಿಕಾಂಬಾ ಜಾತ್ರೆಗೆ ಹರಕೆ ಇತ್ತು. ದುಡ್ಡಿನದ್ದೂ ಚಿಂತೆ.

ಕಾರವಾರದ ನಿವೃತ್ತ ಸಿಸ್ಟರ್

ಮೊದಲು ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಖರ್ಚಿನಲ್ಲಿ ನೂರಕ್ಕೆ 30 ಭಾಗ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಪತ್ರ ಹೊರಡುವ ಮೊದಲೇ ತೆಗೆದುಕೊಳ್ಳಿ. ರೇಷನ್ ಕಾರ್ಡ್, ಮೂವರ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ಮುಂದಿನ ಓಡಾಟಕ್ಕೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಅದರ ಫಾರಂ ಕೇಳಿ ಸಹಿ ಮಾಡಿಸಿಕೊಳ್ಳಿ. ಕಿದ್ವಾಯಿ ಸರ್ಕಾರಿ ಸಂಸ್ಥೆ, 1973ರಿಂದ ಇದೆ, ನಿಮ್ಹಾನ್ಸ್ ಪಕ್ಕದಲ್ಲೇ. ಉಳಿಯಲು ಧರ್ಮಶಾಲೆಯ ಬಗ್ಗೆ ಮೊದಲ ದಿನವೇ ವಿಚಾರಿಸಿ.

ಅಂಕೋಲೆಯ ಆಯಿ

ಜಾತ್ರೆಗೆ ಮಗುವನ್ನು ಕರೆದುಕೊಂಡು ಹೋಗುವುದು ಬೇಡ ತಮ್ಮಾ, ಆ ಜನಜಂಗುಳಿಯಲ್ಲಿ ಸೋಂಕು ತಗುಲುತ್ತದೆ. ಹರಕೆ ಅಜ್ಜಿ ಹೋಗಿ ಒಪ್ಪಿಸಲಿ, ದೇವಿಗೆ ಮಗುವಿನ ಕಷ್ಟ ಗೊತ್ತಿದೆ.

ಕುದಿಸಿ ಆರಿಸಿದ ನೀರು ತುಂಬಿಕೊಳ್ಳಿ. ಬಿಸಿ ಅನ್ನ, ಬೇಯಿಸಿದ್ದು ಮಾತ್ರ ಕೊಡಿ, ತಂಬುಳಿ, ಹಸಿ ಚಟ್ನಿ ಸದ್ಯಕ್ಕೆ ಬೇಡ. ಹೊಸ ನೋಟ್‌ಬುಕ್ ಒಂದು ತೆಗೆದುಕೊಳ್ಳಿ. ಮೊದಲ ಹಾಳೆಯಲ್ಲಿ ಜ್ವರ ಶುರುವಾದ ದಿನ, ಆಮೇಲೆ ಪ್ರತಿ ಕೌಂಟ್, ಅದರ ತಾರೀಕು. ಅವನಿಗೆ ಇಷ್ಟದ ಆಟದ ಸಾಮಾನು ಒಂದಾದರೂ ಚೀಲದಲ್ಲಿರಲಿ, ಸೂಜಿ ಹಾಕುವಾಗ ಕೈಯಲ್ಲಿ ಹಿಡಿದುಕೊಳ್ಳಲು. ಮತ್ತೆ, ಹೆಂಡತಿಗೆ ಹೇಳಿ, ಇದು ಅವಳಿಂದ ಬಂದದ್ದಲ್ಲ. ದಿನಾ ಹೇಳಿ. ನನಗೆ ಯಾರಾದರೂ ಹೇಳಬೇಕು ಎಂದು ನಾನು ಆರು ತಿಂಗಳು ಕಾದಿದ್ದೆ.

ಭಟ್ಕಳ ಮೂಲದ ಮಕ್ಕಳ ವೈದ್ಯೆ

ಹೊರಡುವ ಮೊದಲು ಅಲ್ಲಿನ ಡಾಕ್ಟರಿಂದ ಜ್ವರ ಮತ್ತು ರಕ್ತಸ್ರಾವ ಪರೀಕ್ಷೆ ಮಾಡಿಸಿ, ಪ್ರಯಾಣ ಮಾಡಬಹುದಾ ಎಂದು ಕೇಳಿಯೇ ಹೊರಡಿ. ದಾರಿಯಲ್ಲಿ ಮೂಗಿನ ರಕ್ತ ನಿಲ್ಲದಿದ್ದರೆ ಅಥವಾ ಮಗು ಮಂಪರಾದರೆ ಬೆಂಗಳೂರಿಗಾಗಿ ಕಾಯಬೇಡಿ, ಶಿವಮೊಗ್ಗದಲ್ಲಿ ಇಳಿದು ಆಸ್ಪತ್ರೆಗೆ ಹೋಗಿ.

ಸಿದ್ದಾಪುರದ ಅಪ್ಪ

ಡಾಕ್ಟರ್ ನೋಡಿ ಹೋಗಬಹುದು ಎಂದರು. ಪತ್ರ ಸಿಕ್ಕಿತು. ತಾಳಗುಪ್ಪ ಸ್ಟೇಷನ್ನಿಗೆ ಬಂದಿದ್ದೇವೆ, ರಾತ್ರಿ ರೈಲು. ಹೆಂಡತಿ ನಿಮ್ಮೆಲ್ಲರ ಬರಹವನ್ನು ಮೊದಲಿನಿಂದ ಓದುತ್ತಿದ್ದಾಳೆ. ಮಗ ಮರದ ಲಾರಿ ತಂದಿದ್ದಾನೆ, ಅದನ್ನು ಕಿಟಕಿಯ ಕಟ್ಟೆಯ ಮೇಲೆ ಓಡಿಸುತ್ತಿದ್ದಾನೆ. ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಬರೆದಾಯಿತು.